ಲೋಹಗಳ ಸಹವಾಸದೋಷ

ಕಳೆದ ಮಳೆಗಾಲ ಹಿಡಿದ ಹೊಸತರಲ್ಲಿ, ಕಡಲ ಕರೆಯ ಊರೊಂದರಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ನಾನು ಹೋದ ದಿನ ರಾತ್ರಿಯೇ ಬಿರುಗಾಳಿ ಎದ್ದಿತು. ಎರಡನೆಯ ಜಾವದಲ್ಲಿ ಮಾಡಿನ ಮೇಲೆ ಏನೋ ಉಜ್ಜಿಕೊಂಡು ಹೋದ ಸದ್ದು. ಹಿಂದೆಯೇ ಅಂಗಳದಲ್ಲಿ ಗಾಜು ಒಡೆದ ಸದ್ದು. ದೀಪ ಹಿಡಿದು ಹೋಗಿ ನೋಡಿದರೆ, ಆರು ವರ್ಷದ ಹಿಂದೆ ಭಾವನವರು ಆಸೆಪಟ್ಟು ಹಾಕಿಸಿದ್ದ ಸೌರಫಲಕಗಳಲ್ಲಿ ಒಂದು ಕೆಳಗೆ ಬಂದು ಮಕಾಡೆ ಬಿದ್ದಿತ್ತು. ಇಪ್ಪತ್ತು ಕಿಲೋಗ್ರಾಂ ತೂಕದ ವಸ್ತು. ಹಗಲೆಲ್ಲ ಮೊಮ್ಮಕ್ಕಳು ಆಡುವ ಜಾಗವದು. ಅಕ್ಕ ಮಾತನಾಡಲಿಲ್ಲ, ಮಲಗಿದ್ದ ಮಕ್ಕಳ ಹತ್ತಿರ ಹೋಗಿ ಸುಮ್ಮನೆ ಕುಳಿತಳು.

ಬೆಳಗ್ಗೆ ಮಳೆ ಬಿಟ್ಟಮೇಲೆ ಭಾವನವರೂ ನಾನೂ ಏಣಿ ಹಾಕಿ ಮೇಲೆ ಹತ್ತಿದೆವು. ಉಳಿದ ಫಲಕಗಳು ಹೊಸದರಂತೆಯೇ ಇದ್ದವು. ಅವುಗಳನ್ನು ಹಿಡಿದುಕೊಂಡಿದ್ದ ಅಲ್ಯೂಮಿನಿಯಂ ಪಟ್ಟಿಗಳೂ ದೂರದಿಂದ ನೋಡಿದರೆ ಚೆನ್ನಾಗಿಯೇ ಇದ್ದವು. ಆದರೆ ಅವನ್ನು ಬಿಗಿದಿದ್ದ ಬೋಲ್ಟುಗಳು ಸಾಮಾನ್ಯ ಉಕ್ಕಿನವು. ಹೊಳಪಿಗೆಂದು ಸತುವನ್ನು ತೆಳ್ಳಗೆ ಲೇಪಿಸಿದವು. ಒಂದರ ತಲೆಯನ್ನು ಮುಟ್ಟಿದರೆ ಕೈಗೇ ಬಂದುಬಿಟ್ಟಿತು. ಬೋಲ್ಟಿನ ಸುತ್ತಲ ಅಲ್ಯೂಮಿನಿಯಂ ಸುಣ್ಣದ ಹುಡಿಯಂತೆ ಬೆಳ್ಳಗೆ ಉದುರುತ್ತಿತ್ತು.

“ನೋಡು ಮಾರಾಯ, ಸೂರ್ಯ ಕೈಕೊಡಲಿಲ್ಲ, ಫಲಕವೂ ಕೈಕೊಡಲಿಲ್ಲ, ನಾಲ್ಕು ಕಾಸಿನ ಬೋಲ್ಟು ಕೈಕೊಟ್ಟಿತು,” ಎಂದರು ಭಾವನವರು. “ಅದಿರಲಿ, ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಹಾಕಿದವರೇ ಹೇಳಿದ್ದರಲ್ಲ, ಇದು ಏನು?”

ನಾನು ಕನ್ನಡ ಪಂಡಿತ, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿಗೆ ಬಂದು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕೇಳಿದೆ, ಗ್ರಂಥಗಳನ್ನು ತಿರುವಿದೆ. ಈ ಪ್ರಶ್ನೆಯ ಉತ್ತರ ಎರಡೂವರೆ ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆಂದು ತಿಳಿದಾಗ ಆಶ್ಚರ್ಯವಾಯಿತು. ಆ ಕಥೆಯನ್ನೇ ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಫಲಕವನ್ನು ಹೊತ್ತು ನಿಲ್ಲುವ ಈ ಉಪಕರಣವನ್ನು ಕೆಲಸಗಾರರು ಬ್ರ್ಯಾಕೆಟ್ ಎನ್ನುತ್ತಾರೆ. ನಮ್ಮ ಶಿಲ್ಪಿಗಳಲ್ಲಿ ಇದಕ್ಕೆ ಚೆಲುವಾದ ಮಾತೊಂದುಂಟು: ಮದನಕೈ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕಂಬದ ತಲೆಗೂ ಚಾವಣಿಗೂ ನಡುವೆ ಓರೆಯಾಗಿ ನಿಂತಿರುವ ಆ ಪ್ರಸಿದ್ಧ ಸುಂದರಿಯರು ಇರುವುದು ಇಂಥ ಕೈಗಳಲ್ಲಿಯೇ. ಅಲ್ಲಿ ಕಲ್ಲಿಗೆ ಕಲ್ಲೇ ಜೊತೆ. ಮನೆಯ ಮಾಡಿನ ಮೇಲಾದರೋ ಅಲ್ಯೂಮಿನಿಯಂ, ಉಕ್ಕು, ಸತು, ತಾಮ್ರ ಎಲ್ಲವೂ ಒಂದನ್ನೊಂದು ಮುಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ. ತೊಂದರೆಯ ಮೂಲ ಅಲ್ಲಿಯೇ.

ಈ ತೊಂದರೆಯನ್ನು ಮೊದಲು ಸ್ಪಷ್ಟವಾಗಿ ಕಂಡವರು ಹಡಗಿನವರು. ಮರದ ಹಡಗುಗಳ ತಳವನ್ನು ಕಡಲಿನ ಒಂದು ಬಗೆಯ ಹುಳು ಕೊರೆದು ಜೇನುಹುಟ್ಟಿನಂತೆ ಮಾಡಿಬಿಡುತ್ತಿತ್ತು. ಅದರಿಂದ ಪಾರಾಗಲು ಇಂಗ್ಲೆಂಡಿನ ನೌಕಾಪಡೆಯವರು ೧೭೬೧ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆಲ್ಲ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ದ್ವೀಪಗಳ ಕಡೆಗೆ ಕಳಿಸಿದರು. ೧೭೬೩ರಲ್ಲಿ ಹಡಗು ಮರಳಿದಾಗ ಪರೀಕ್ಷಿಸಿದರು. ಹುಳುವಿನ ಕಾಟವಿಲ್ಲ, ಪಾಚಿಯಿಲ್ಲ. ತಾಮ್ರದ ತಗಡು ಎಲ್ಲಿ ಉಳಿದಿತ್ತೋ ಅಲ್ಲಿ ಮರ ಸುಭದ್ರ. ಆದರೆ ಅನೇಕ ಕಡೆ ತಗಡೇ ಕಳಚಿಹೋಗಿತ್ತು. ಅದನ್ನು ಹೊಡೆದಿದ್ದ ಕಬ್ಬಿಣದ ಮೊಳೆಗಳು ಕರಗಿ ಮೆತ್ತಗಾಗಿದ್ದವು.

ಇಲ್ಲೊಂದು ವಿಚಿತ್ರ. ಕೆಲವು ಮೊಳೆಗಳು ಮಾತ್ರ ಹೊಸದರಂತೆಯೇ ಇದ್ದವು. ಏಕೆಂದು ನೋಡಿದರೆ, ತಾಮ್ರದ ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವನ್ನು ಅಲ್ಲಲ್ಲಿ ಕಿತ್ತಿರಲಿಲ್ಲ. ಅದು ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕಾಗದವಿದ್ದಲ್ಲಿ ಮೊಳೆ ಉಳಿಯಿತು, ಇಲ್ಲದಲ್ಲಿ ಅಳಿಯಿತು. ಕಡಲ ನೀರಿನಲ್ಲಿ ಕಬ್ಬಿಣವೂ ತಾಮ್ರವೂ ಒಂದನ್ನೊಂದು ಮುಟ್ಟಕೂಡದೆಂದು ಪರೀಕ್ಷಕರು ವರದಿ ಬರೆದರು. ಕಾರಣ ಮಾತ್ರ ಆಗ ಯಾರಿಗೂ ತಿಳಿಯದು.

ಕಾರಣ ಗೊತ್ತಾದದ್ದು ಒಂದು ಕಪ್ಪೆಯ ಕಾಲಿನಿಂದ. ಇಟಲಿಯ ಬೊಲೋನ್ಯಾ ಪಟ್ಟಣದ ಗ್ಯಾಲ್ವಾನಿ ಎಂಬ ವೈದ್ಯವಿದ್ವಾಂಸರು, ಸತ್ತ ಕಪ್ಪೆಯ ಕಾಲನ್ನು ಎರಡು ಬಗೆಯ ಲೋಹಗಳಿಂದ ಒಟ್ಟಿಗೆ ಮುಟ್ಟಿದರೆ ಅದು ಅದುರುವುದನ್ನು ಕಂಡು ೧೭೯೧ರಲ್ಲಿ ಪ್ರಕಟಿಸಿದರು. ವಿದ್ಯುತ್ತು ಪ್ರಾಣಿಯ ಶರೀರದಲ್ಲಿಯೇ ಇದೆಯೆಂಬುದು ಅವರ ಮತ. ಪಾವಿಯಾ ವಿಶ್ವವಿದ್ಯಾಲಯದ ವೋಲ್ಟಾ ಅದನ್ನು ಒಪ್ಪಲಿಲ್ಲ. ಶಕ್ತಿ ಇರುವುದು ಕಪ್ಪೆಯಲ್ಲಲ್ಲ, ಎರಡು ಬೇರೆ ಲೋಹಗಳ ಸೇರುವೆಯಲ್ಲಿ ಎಂದರು. ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡು, ಹೀಗೆ ಒಂದರ ಮೇಲೊಂದು ಪೇರಿಸಿ ೧೮೦೦ರಲ್ಲಿ ಎಡೆಬಿಡದ ವಿದ್ಯುತ್ಪ್ರವಾಹವನ್ನು ಪಡೆದು ತೋರಿಸಿದರು. ನಮ್ಮ ಟಾರ್ಚಿನಲ್ಲಿರುವ ಬ್ಯಾಟರಿ ಆ ಕುಲದ್ದೇ.

ಈಗ ಹಡಗಿನ ಮೊಳೆಯ ರಹಸ್ಯ ಬಯಲಾಯಿತು. ಎರಡು ಲೋಹ, ನಡುವೆ ಉಪ್ಪುನೀರು: ಯಾರೂ ಬಯಸದ ಬ್ಯಾಟರಿಯೊಂದು ಹಡಗಿನ ತಳದಲ್ಲಿಯೇ ಹುಟ್ಟಿತ್ತು. ಬ್ಯಾಟರಿಯಲ್ಲಿ ಎರಡು ಲೋಹಗಳಲ್ಲೊಂದು ಸವೆಯಲೇಬೇಕು. ಯಾವುದು ಸವೆಯತಕ್ಕದ್ದೆಂಬುದಕ್ಕೆ ಲೋಹಗಳಲ್ಲಿ ಒಂದು ಸಾಲು ಉಂಟು. ಕಡಲ ನೀರಿನಲ್ಲಿ ಸತು ಬಹುಬೇಗ ತನ್ನನ್ನು ತಾನು ಕೊಟ್ಟುಕೊಳ್ಳುತ್ತದೆ. ಅದರ ಮೇಲೆ ಅಲ್ಯೂಮಿನಿಯಂ. ಆಮೇಲೆ ಕಬ್ಬಿಣ, ತವರ, ತಾಮ್ರ. ಬೆಳ್ಳಿ ಬಂಗಾರಗಳು ತುದಿಯಲ್ಲಿ. ಎರಡು ಲೋಹ ಜೊತೆಯಾದಾಗ ಸಾಲಿನಲ್ಲಿ ಕೆಳಗಿರುವುದು ಸವೆಯುತ್ತದೆ, ಮೇಲಿರುವುದು ಉಳಿಯುತ್ತದೆ. ನಡುವಣ ಅಂತರ ಹೆಚ್ಚಾದಷ್ಟೂ ಸವೆತ ಹೆಚ್ಚು. ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬ ಗಾದೆ ಲೋಹಗಳಿಗೂ ಸಲ್ಲುತ್ತದೆ. ಒಂಟಿಯಾಗಿದ್ದರೆ ಬಹುಕಾಲ ಬಾಳಬಹುದಾದ ಲೋಹ ಸಲ್ಲದ ಜೊತೆಯಲ್ಲಿ ಕೆಲವೇ ವರ್ಷಕ್ಕೆ ಪುಡಿಯಾಗುತ್ತದೆ.

ಹಾಗಾದರೆ ಈ ದೋಷವನ್ನೇ ಗುಣವಾಗಿ ತಿರುಗಿಸಿಕೊಳ್ಳಬಾರದೇಕೆ ಎಂದು ಯೋಚಿಸಿದವರು ಇಂಗ್ಲೆಂಡಿನ ಸರ್ ಹಂಫ್ರಿ ಡೇವಿ. ಹಡಗಿನ ತಾಮ್ರವೂ ಕಡಲಿನಲ್ಲಿ ಮೆಲ್ಲಮೆಲ್ಲನೆ ಸವೆಯುತ್ತಿತ್ತು. ತಾಮ್ರಕ್ಕೆ ಸತುವಿನದೋ ಕಬ್ಬಿಣದ್ದೋ ತುಂಡೊಂದನ್ನು ಬೇಕೆಂದೇ ಜೋಡಿಸಿದರೆ ಆ ತುಂಡು ಸವೆದು ತಾಮ್ರ ಉಳಿಯಬೇಕಲ್ಲವೆ? ೧೮೨೪ರಲ್ಲಿ ಅವರು ಈ ವಿಚಾರವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಅವರು ಪರೀಕ್ಷಿಸಿದ ಹಡಗುಗಳಲ್ಲೊಂದು ‘ಸಮರಾಂಗ್’. ನಮ್ಮ ಪಡುವಣ ಕರಾವಳಿಯ ಕೊಚ್ಚಿಯಲ್ಲಿಯೇ ತೇಗದ ಮರದಿಂದ ಕಟ್ಟಿದ್ದು. ಅದರ ತಾಮ್ರಕ್ಕೆ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ ಅಟ್ಲಾಂಟಿಕ್ ಸಾಗರದಾಚೆಯ ನೋವಾಸ್ಕೋಷಿಯಾಕ್ಕೆ ಕಳಿಸಿ ಮರಳಿ ತಂದರು. ತಾಮ್ರ ಉಳಿದಿತ್ತು.

ಶಾಸ್ತ್ರ ಗೆದ್ದಿತು, ಆದರೆ ಹಡಗುಗಳು ಸೋತವು. ತಾಮ್ರ ತುಸುತುಸುವೇ ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಅಂಜಿ ಪಾಚಿ, ಚಿಪ್ಪುಹುಳುಗಳು ತಳಕ್ಕೆ ಅಂಟುತ್ತಿರಲಿಲ್ಲ. ಕರಗುವುದು ನಿಂತೊಡನೆ ಅವೆಲ್ಲ ಬಂದು ನೆಲಸಿದವು. ಹಡಗುಗಳ ವೇಗ ಕುಗ್ಗಿತು. ನೌಕಾಪಡೆಯವರು ಡೇವಿಯವರ ಉಪಾಯವನ್ನು ಕೈಬಿಟ್ಟರು. ಆದರೆ ಅವರು ಕಂಡ ತತ್ತ್ವ ಸುಳ್ಳಾಗಲಿಲ್ಲ. ಇಂದಿಗೂ ಉಕ್ಕಿನ ಹಡಗುಗಳಿಗೂ ನೆಲದೊಳಗಿನ ಕೊಳವೆಗಳಿಗೂ ಸವೆಯಲೆಂದೇ ಸತುವಿನಂಥ ಲೋಹದ ಗಟ್ಟಿಗಳನ್ನು ಜೋಡಿಸುವ ರೂಢಿಯಿದೆ.

ಸತುವಿನ ಮಾತು ಬಂದಮೇಲೆ ನಮ್ಮ ದೇಶವನ್ನು ನೆನೆಯದಿರಲಾಗದು. ಕುಲುಮೆಯ ಕಾವಿನಲ್ಲಿ ಸತು ಕರಗಿ ಸುರಿಯುವುದಿಲ್ಲ, ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಣಿಸುವ ಕೌಶಲ ರಾಜಸ್ಥಾನದ ಉದಯಪುರದ ಸಮೀಪದ ಜಾವರ್ ಗಣಿಗಳಲ್ಲಿ ಐರೋಪ್ಯರಿಗಿಂತ ಶತಮಾನಗಳಷ್ಟು ಮೊದಲೇ ಸಿದ್ಧಿಸಿತ್ತು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳ ರಾಶಿ ಅಲ್ಲಿ ಗುಡ್ಡಗುಡ್ಡವಾಗಿ ಸಿಕ್ಕಿದೆ. ‘ರಸರತ್ನಸಮುಚ್ಚಯ’ವೆಂಬ ಸಂಸ್ಕೃತ ಗ್ರಂಥದಲ್ಲಿಯೂ ಈ ವಿಧಾನದ ವಿವರವುಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು ೧೭೩೮ರಲ್ಲಿ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಬಹುದೆಂದು ಫ್ರಾನ್ಸಿನ ಮಲ್ವೇ ೧೭೪೨ರಲ್ಲಿ ಅಲ್ಲಿಯ ವಿಜ್ಞಾನ ಪರಿಷತ್ತಿಗೆ ತಿಳಿಸಿದ್ದರು. ಅದನ್ನು ವ್ಯವಹಾರಯೋಗ್ಯ ಮಾಡಿ ೧೮೩೭ರಲ್ಲಿ ಹಕ್ಕುಪತ್ರ ಪಡೆದವರು ಸೊರೆಲ್ ಎಂಬ ಇನ್ನೊಬ್ಬ ಫ್ರೆಂಚ್ ಯಂತ್ರಜ್ಞರು. ಗ್ಯಾಲ್ವಾನಿಯ ಹೆಸರಿನಿಂದಲೇ ಇದಕ್ಕೆ ಗ್ಯಾಲ್ವನೈಸ್ ಮಾಡುವುದೆಂಬ ಹೆಸರು ನಿಂತಿತು. ನಮ್ಮ ಮನೆಯ ಜಿ.ಐ. ಬಕೀಟು, ಮಾಡಿನ ಸುಕ್ಕುತಗಡು ಇದೇ ಜಾತಿಯವು.

ಈ ಲೇಪದ ಮಹಿಮೆಯನ್ನು ಅರಿಯಲು ಅಡುಗೆಮನೆಯ ಉದಾಹರಣೆಯೊಂದು ಸಾಕು. ಹಳೆಯ ಸೀಮೆಎಣ್ಣೆ ಡಬ್ಬವನ್ನು ನೆನಪುಮಾಡಿಕೊಳ್ಳಿ. ಅದು ಉಕ್ಕಿನ ತಗಡಿಗೆ ತವರ ಲೇಪಿಸಿದ್ದು. ಒಂದು ಗೀರು ಬಿದ್ದರೆ ಸಾಕು, ಅಲ್ಲಿಂದ ತುಕ್ಕು ಭರದಿಂದ ಹಬ್ಬುತ್ತದೆ. ತವರ ಕಬ್ಬಿಣಕ್ಕಿಂತ ಮೇಲಿನ ಸಾಲಿನದಾದ್ದರಿಂದ ಸವೆಯುವ ಪಾಳಿ ಕಬ್ಬಿಣದ್ದಾಗುತ್ತದೆ. ಜಿ.ಐ. ಬಕೀಟಿಗೆ ಗೀರು ಬಿದ್ದರೆ ಹಾಗಾಗುವುದಿಲ್ಲ. ಪಕ್ಕದ ಸತು ತಾನು ಸವೆದು, ಗಾಯವಾದೆಡೆಯ ಕಬ್ಬಿಣವನ್ನು ಬಹುದಿನ ಕಾಯುತ್ತದೆ. ಬಣ್ಣ ಬರಿಯ ಹೊದಿಕೆ; ಸತುವಾದರೋ ಹೊದಿಕೆಯೂ ಹೌದು, ಕಾವಲುಗಾರನೂ ಹೌದು.

ಇಷ್ಟೆಲ್ಲ ತಿಳಿದಮೇಲೂ ದೊಡ್ಡವರು ಎಡವಿದ್ದುಂಟು. ನ್ಯೂಯಾರ್ಕಿನ ಬಂದರಿನಲ್ಲಿ ೧೮೮೬ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯದೇವಿಯ ಪ್ರತಿಮೆಯ ಚಿತ್ರವನ್ನು ನೋಡದವರಿಲ್ಲ. ಅದರ ಮೈ ಎರಡೂವರೆ ಮಿಲಿಮೀಟರಿಗೂ ತೆಳುವಾದ ತಾಮ್ರದ ತಗಡು; ಒಳಗಿನ ಅಸ್ಥಿಪಂಜರ ಗುಸ್ತಾವ್ ಐಫೆಲ್ ರಚಿಸಿದ ಕಬ್ಬಿಣದ ಚೌಕಟ್ಟು. ತಗಡನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ತಾಮ್ರದ ಹಿಡಿಗಳೊಳಗೆ ಹಾಯುತ್ತಿದ್ದವು. ಸೌರಫಲಕದ ಬ್ರ್ಯಾಕೆಟ್ಟಿಗೂ ಇದಕ್ಕೂ ಕೆಲಸ ಒಂದೇ: ಗಾಳಿಗೆ ಮೈಯೊಡ್ಡಿದ ತೆಳು ಹಲಗೆಯನ್ನು ಬಿಡದೆ ಹಿಡಿಯುವುದು. ಎರಡು ಲೋಹ ಮುಟ್ಟಬಾರದೆಂದು ಕಟ್ಟಿದವರಿಗೆ ಗೊತ್ತಿತ್ತು. ನಡುವೆ ಅರಗಿನ ದ್ರವದಲ್ಲಿ ನೆನೆಸಿದ ಕಲ್ನಾರಿನ ಪದರವನ್ನು ಇಟ್ಟಿದ್ದರು. ಆದರೆ ಆ ಪದರ ಕಾಲಕ್ರಮದಲ್ಲಿ ಹಾಳಾಗಿ, ಉಪ್ಪುಗಾಳಿಯ ತೇವವನ್ನು ಹಿಡಿದಿಡುವ ಹತ್ತಿಯಂತಾಯಿತು. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ತಾಮ್ರದ ಹಿಡಿಗಳನ್ನು ತಗಡಿನಿಂದ ಕಿತ್ತಿತು. ಕಡೆಗೆ ೧೯೮೪ರಿಂದ ೧೯೮೬ರವರೆಗೆ ಪ್ರತಿಮೆಯನ್ನು ದುರಸ್ತಿ ಮಾಡಿ, ಸಾವಿರಕ್ಕೂ ಮಿಕ್ಕ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಅವುಗಳ ಜಾಗದಲ್ಲಿ ಸ್ಟೇನ್‌ಲೆಸ್ ಉಕ್ಕಿನವನ್ನು ಹಾಕಿ, ತಾಮ್ರಕ್ಕೂ ಉಕ್ಕಿಗೂ ನಡುವೆ ಟೆಫ್ಲಾನ್ ಪಟ್ಟಿ ಅಂಟಿಸಬೇಕಾಯಿತು. ‘ಅಲಾರ್ಮ್’ ಹಡಗಿನ ಕಂದು ಕಾಗದವೇ ಇನ್ನೂರು ವರ್ಷದ ಮೇಲೆ ಹೊಸ ರೂಪದಲ್ಲಿ ಬಂದಿತೆನ್ನಬೇಕು.

ಇಂದು ಮಾಡಿನ ಮೇಲೆ ಕಾಣುವ ಎರಡು ಲೋಹಗಳು ಆ ಪ್ರತಿಮೆ ಕಟ್ಟಿದವರಿಗೆ ಒದಗುವಂತಿರಲಿಲ್ಲ. ಒಂದು ಅಲ್ಯೂಮಿನಿಯಂ. ೧೮೮೪ರಲ್ಲಿ ಅಮೆರಿಕದ ರಾಜಧಾನಿಯ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂನ ಪುಟ್ಟ ಶಿಖರವೊಂದನ್ನು ಇಟ್ಟಾಗ ಅದರ ಬೆಲೆ ಬೆಳ್ಳಿಯ ಬೆಲೆಗೆ ಹತ್ತಿರವಿತ್ತು. ಏರಿಸುವ ಮುನ್ನ ಆಭರಣದಂಗಡಿಯಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಎರಡೇ ವರ್ಷದಲ್ಲಿ, ೧೮೮೬ರಲ್ಲಿ, ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಉಪಾಯವನ್ನು ಕಂಡರು: ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವುದು. ಬೆಳ್ಳಿಯ ಜೊತೆ ಕೂರುತ್ತಿದ್ದ ಲೋಹ ನಮ್ಮ ಅನ್ನದ ಪಾತ್ರೆಯಾಯಿತು. ಗಾಳಿ ಸೋಕಿದೊಡನೆ ಅದರ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಆ ಪೊರೆಯನ್ನು ವಿದ್ಯುತ್ತಿನಿಂದ ದಪ್ಪಗೊಳಿಸುವ ಆನೊಡೈಸ್ ಮಾಡುವ ಕ್ರಮ ೧೯೨೩ರಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತು. ಕಡಲ ಮೇಲಿಳಿಯುವ ವಿಮಾನಗಳ ಭಾಗಗಳಿಗಾಗಿ.

ಇನ್ನೊಂದು ಸ್ಟೇನ್‌ಲೆಸ್ ಉಕ್ಕು. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ, ಬಂದೂಕದ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟು, ನೂರಕ್ಕೆ ಸುಮಾರು ಹದಿಮೂರು ಪಾಲು ಕ್ರೋಮಿಯಂ ಬೆರೆತ ಉಕ್ಕನ್ನು ಎರೆದರು. ಅದಕ್ಕೆ ಕಲೆ ಹತ್ತಲಿಲ್ಲ. ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಜೊತೆಗೆ ನಿಕ್ಕಲ್ ಸೇರಿಸಿದ ಉಕ್ಕೂ ಸಿದ್ಧವಾಯಿತು. ತುಕ್ಕು ಹಿಡಿಯದ ಕಬ್ಬಿಣವೆಂದರೆ ದೆಹಲಿಯ ಸ್ತಂಭ ನೆನಪಾಗದಿರದು. ಸುಮಾರು ಸಾವಿರದ ಆರುನೂರು ವರ್ಷದಿಂದ ಬಯಲಿನಲ್ಲಿ ನಿಂತಿರುವ ಅದನ್ನು ಕಾಯುತ್ತಿರುವುದೂ ಒಂದು ಪೊರೆಯೇ. ಕಬ್ಬಿಣದಲ್ಲಿ ಉಳಿದ ರಂಜಕದ ಅಂಶದಿಂದ ಹುಟ್ಟಿದ್ದು.

ಸೌರಫಲಕ ಇವೆಲ್ಲಕ್ಕಿಂತ ಕಿರಿಯದು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಬಿಸಿಲಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಜನಕ್ಕೆ ತೋರಿಸಿದ್ದು ೧೯೫೪ರ ಏಪ್ರಿಲ್ ೨೫ರಂದು. ೧೯೫೮ರಲ್ಲಿ ಅದು ವ್ಯಾನ್‌ಗಾರ್ಡ್ ಉಪಗ್ರಹವನ್ನೇರಿ ಆಕಾಶಕ್ಕೆ ಹೋಯಿತು. ಅಲ್ಲಿ ಮಳೆಯಿಲ್ಲ, ಉಪ್ಪುಗಾಳಿಯಿಲ್ಲ. ಭೂಮಿಗಿಳಿದ ಮೇಲೆ ಹಡಗಿನವರ ಹಳೆಯ ಪಾಡು ಅದಕ್ಕೂ ತಪ್ಪಲಿಲ್ಲ. ಫಲಕಕ್ಕೆ ಇಪ್ಪತ್ತೈದು ವರ್ಷದ ಭರವಸೆ ಕೊಡುವುದು ರೂಢಿ. ಹೊತ್ತ ಕೈಗೂ ಅಷ್ಟೇ ಆಯುಸ್ಸು ಬೇಡವೆ?

ಹೀಗಿರಲು, ಆಯ್ಕೆಯ ವಿವೇಕವೇನು? ಮೊದಲು ಊರನ್ನು ನೋಡಬೇಕು. ಕುಲುಮೆಯಲ್ಲಿ ಅದ್ದಿದ ಸತುವಿನ ಲೇಪ ಸಾಮಾನ್ಯವಾಗಿ ಎಂಬತ್ತು ಮೈಕ್ರಾನಿನ ಆಸುಪಾಸು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒಣಹವೆಯ ಒಳನಾಡಿನಲ್ಲಿ ಅದು ವರ್ಷಕ್ಕೆ ಒಂದು ಮೈಕ್ರಾನೂ ಸವೆಯದು. ತುಮಕೂರು ಜಿಲ್ಲೆಯ ಪಾವಗಡದ ಬಳಿ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರಕ್ಷೇತ್ರ ಹರಡಿದೆಯಷ್ಟೆ. ಅಂಥ ಬಯಲುಸೀಮೆಗೆ ಸತು ಅದ್ದಿದ ಉಕ್ಕು ಸಲ್ಲುತ್ತದೆ, ಬೆಲೆಯೂ ಅಗ್ಗ. ಕಡಲ ತಡಿಯಲ್ಲಾದರೆ ವರ್ಷಕ್ಕೆ ಎರಡರಿಂದ ನಾಲ್ಕು ಮೈಕ್ರಾನು, ಅಲೆಯ ತುಂತುರು ತಾಗುವೆಡೆ ಇನ್ನೂ ಹೆಚ್ಚು. ನಾಲ್ಕರಂತೆ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಕ್ಕೆ ಲೇಪವೇ ಮುಗಿಯಿತು. ಅಲ್ಲಿಗೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಲೇಸು. ಅದರ ತೂಕ ಉಕ್ಕಿನ ಮೂರರಲ್ಲೊಂದು. ಆದರೆ ಬಿಗುಪೂ ಮೂರರಲ್ಲೊಂದೇ ಆದುದರಿಂದ ಪಟ್ಟಿ ದಪ್ಪವಾಗಿರಬೇಕು, ಊರೆಗಳು ಹತ್ತಿರವಿರಬೇಕು. ಬಿಸಿಲಿಗೆ ಹಿಗ್ಗುವುದೂ ಹೆಚ್ಚು: ಆರು ಮೀಟರಿನ ಪಟ್ಟಿ ನಲವತ್ತು ಡಿಗ್ರಿ ಏರಿದರೆ ಐದೂವರೆ ಮಿಲಿಮೀಟರಿನಷ್ಟು ಬೆಳೆಯುತ್ತದೆ, ಉಕ್ಕಾದರೆ ಮೂರರೊಳಗೆ. ಉದ್ದವಾದ ಸಾಲಿನಲ್ಲಿ ನಡುನಡುವೆ ಸಂದು ಬಿಡಬೇಕು. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂಗೆ ಆಗದು. ಕಾಂಕ್ರೀಟಿನಲ್ಲಿ ಹೂಳುವ ಕಾಲು ಉಕ್ಕಿನದೇ ಆಗಲಿ.

ಮುಖ್ಯವಾದದ್ದು ಬೋಲ್ಟು. ಅಲ್ಯೂಮಿನಿಯಂ ಪಟ್ಟಿಗೆ ಸ್ಟೇನ್‌ಲೆಸ್ ಬೋಲ್ಟು ಹಾಕುವುದು ಸಂಪ್ರದಾಯ. ಇವೂ ಬೇರೆ ಬೇರೆ ಲೋಹಗಳಲ್ಲವೆ, ಸಹವಾಸದೋಷ ಬಾರದೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಬರುತ್ತದೆ, ಆದರೆ ಇಲ್ಲಿ ಅಳತೆಯ ಮರ್ಮವಿದೆ. ಸವೆಯತಕ್ಕ ಅಲ್ಯೂಮಿನಿಯಂ ವಿಶಾಲವಾಗಿದ್ದು, ಸವೆಸುವ ಉಕ್ಕು ಚಿಕ್ಕದಾಗಿದ್ದರೆ ಹಾನಿ ಹರಡಿ ಅಲ್ಪವಾಗುತ್ತದೆ. ಇದನ್ನು ತಿರುವುಮುರುವು ಮಾಡಿ ದೊಡ್ಡ ಸ್ಟೇನ್‌ಲೆಸ್ ಹಲಗೆಗೆ ಚಿಕ್ಕ ಅಲ್ಯೂಮಿನಿಯಂ ಮೊಳೆ ಹೊಡೆದರೆ ಮೊಳೆಯ ಗತಿ ‘ಅಲಾರ್ಮ್’ ಹಡಗಿನ ಮೊಳೆಯ ಗತಿಯೇ. ಸ್ಟೇನ್‌ಲೆಸ್ಸಿನಲ್ಲಿಯೂ ಭೇದವುಂಟು. ಒಳನಾಡಿಗೆ ೩೦೪ ಎಂಬ ಜಾತಿ ಸಾಕು. ಕಡಲ ಬದಿಗೆ ಎರಡು ಮೂರು ಪಾಲು ಮಾಲಿಬ್ಡಿನಂ ಸೇರಿದ ೩೧೬ ಬೇಕು. ಉಪ್ಪು ಬಹಳವಿರುವೆಡೆ ಬೋಲ್ಟಿನ ಕೆಳಗೆ ನೀರು ಹೀರದ ಬಿಲ್ಲೆಯೊಂದು ಇರಲಿ. ಅರ್ತಿಂಗಿನ ಬರಿಯ ತಾಮ್ರದ ತಂತಿಯನ್ನು ಮಾತ್ರ ಅಲ್ಯೂಮಿನಿಯಂಗೆ ನೇರ ತಾಗಿಸಕೂಡದು. ತವರ ಲೇಪಿಸಿದ ಕೊಂಡಿಯ ಮೂಲಕ ಸೇರಿಸಬೇಕು.

ಭಾವನವರಿಗೆ ಇದನ್ನೆಲ್ಲ ಕಾಗದದಲ್ಲಿ ಬರೆದೆ. ಅವರು ಮಾಡಿನ ಮೇಲಿನ ಬೋಲ್ಟುಗಳನ್ನೆಲ್ಲ ತೆಗೆಸಿ ೩೧೬ರವನ್ನು ಹಾಕಿಸಿದರು. ಹುಡಿಯಾಗಿದ್ದ ಎರಡು ಪಟ್ಟಿಗಳನ್ನೂ ಬದಲಾಯಿಸಿದರು. ಖರ್ಚು, ಒಡೆದ ಫಲಕದ ಬೆಲೆಗಿಂತ ಕಡಮೆಯೇ ಆಯಿತಂತೆ. “ಇದನ್ನು ಮೊದಲೇ ಹೇಳಬಾರದಿತ್ತೆ, ಮಾರಾಯ?” ಎಂದು ಟೆಲಿಫೋನಿನಲ್ಲಿ ಆಕ್ಷೇಪಿಸಿದರು. ಮೊದಲು ನನಗೂ ತಿಳಿದಿರಲಿಲ್ಲವಲ್ಲ!

ಆದುದರಿಂದ, ಮನೆಯ ಮೇಲೆ ಫಲಕ ಹಾಕಿಸುವವರು ಎಷ್ಟು ವಾಟ್, ಎಷ್ಟು ರೂಪಾಯಿ ಎಂದು ಕೇಳುವುದರ ಜೊತೆಗೆ, ಯಾವ ಲೋಹಕ್ಕೆ ಯಾವ ಲೋಹ ಜೊತೆ ಎಂದೂ ಒಂದು ಮಾತು ಕೇಳಲಿ. ಹಾಕಿಸಿಯಾಗಿರುವವರು ಮಳೆಗಾಲಕ್ಕೆ ಮುನ್ನ, ಬಲ್ಲವರೊಬ್ಬರನ್ನು ಮೇಲೆ ಹತ್ತಿಸಿ ಬೋಲ್ಟುಗಳ ಬುಡವನ್ನು ನೋಡಿಸಲಿ. ಕೆಂಪು ಕಲೆಯೋ ಬಿಳಿಯ ಹುಡಿಯೋ ಕಂಡರೆ ತಡಮಾಡಕೂಡದು. ಆ ಫಲಕದ ಕೆಳಗೆ ಅಂಗಳವಿದೆ, ಅಂಗಳದಲ್ಲಿ ಮಕ್ಕಳಿದ್ದಾರೆ.